ಅಕ್ಕಿ ಡಬ್ಬಿಯೊಳಗಿನ ಮಾತ್ರೆಗಳು

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಸರೋಜಮ್ಮನಿಗೆ 54 ವರ್ಷ. ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂದಾಗ ಡಾಕ್ಟರು ಚೀಟಿಯ ಮೇಲೆ 'ಭಯ, ನಿದ್ದೆ ಇಲ್ಲ, ಆಪ್ತಸಲಹೆಗೆ' ಎಂದು ಬರೆದು ನನ್ನ ಹತ್ತಿರ ಕಳಿಸಿದ್ದರು. ನಡುರಾತ್ರಿ ದಿಢೀರ್ ಎಚ್ಚರವಾಗುತ್ತದೆ. ಮೈಯೆಲ್ಲ ಬೆವರು, ಕೈ ನಡುಕ, ಎದೆ ಡವಡವ. ಮೂರು ತಿಂಗಳಿಂದ ಹೀಗೆ. ಮಗಳ ಮದುವೆ ಮಾತುಕತೆ ಶುರುವಾಗಿದ್ದೂ ಮೂರು ತಿಂಗಳ ಹಿಂದೆ.

ಎರಡಕ್ಕೂ ಗಂಟು ಹಾಕುವುದು ಎಷ್ಟು ಸುಲಭ, ಅಲ್ವಾ? ನಾನೂ ಹಾಕಿದೆ. ಮೊದಲ ಭೇಟಿಯಲ್ಲಿ ಸಾಲ, ಮನೆ, ಗಂಡ ಎಲ್ಲ ವಿಚಾರಿಸಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಮಾತ್ರ ಕೇಳಲಿಲ್ಲ. ಹದಿನಾರು ವರ್ಷದ ಅನುಭವ ಇಟ್ಟುಕೊಂಡು!

ಎರಡನೇ ಸಲ ಕೇಳಿದೆ. ಅವರು ಬಾಗಿಲ ಕಡೆ ನೋಡಿದರು.

"ಬಾಗಿಲು ಸ್ವಲ್ಪ ಮುಂದೆ ಮಾಡ್ತೀರಾ ಮೇಡಂ?"

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಏಳು ವರ್ಷದಿಂದ ಶುಗರ್. ಐದು ವರ್ಷದಿಂದ ಬಿಪಿ. ಥೈರಾಯ್ಡ್. ಮಂಡಿ ಸವೆತ. ಮೂರು ಖಾಸಗಿ ಕ್ಲಿನಿಕ್ಕು, ಮೂರು ಫೈಲು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿಲ್ಲ. ನಮ್ಮ ಡಾಕ್ಟರಿಗೂ ಹೇಳಿಲ್ಲ.

"ಇಷ್ಟೆಲ್ಲ ಹೇಳೋಕೆ ನಾಚಿಕೆ ಆಗುತ್ತೆ. ಒಬ್ಬಳಿಗೇ ಇಷ್ಟೊಂದು ಕಾಯಿಲೆ ಇರ್ತವಾ? ಯಾವ ಜನ್ಮದ ಪಾಪವೋ."

ಇರುತ್ತವೆ. ತುಂಬಾ ಜನಕ್ಕೆ ಇರುತ್ತವೆ. 2017-18ರಲ್ಲಿ ನಮ್ಮ ದೇಶದಲ್ಲಿ 45 ದಾಟಿದ ಸುಮಾರು 72 ಸಾವಿರ ಜನರ ಆರೋಗ್ಯ ಸಮೀಕ್ಷೆ ನಡೆಯಿತು, ಲಾಸಿ ಎನ್ನುತ್ತಾರೆ. ಅದರ ಪ್ರಕಾರ 60 ದಾಟಿದವರಲ್ಲಿ ಶೇ. 27ರಷ್ಟು ಮಂದಿಗೆ ಒಂದಕ್ಕಿಂತ ಹೆಚ್ಚು ದೀರ್ಘಕಾಲದ ಕಾಯಿಲೆ ಇದೆ. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಅನ್ನಿ. ಅದೂ ಗೊತ್ತಾಗಿರುವ ಲೆಕ್ಕ. ತಪಾಸಣೆಯನ್ನೇ ಮಾಡಿಸದವರು ಎಷ್ಟೋ ಜನ.

"ನಂಗಿನ್ನೂ ಅರವತ್ತಾಗಿಲ್ವಲ್ಲ" ಅಂದರು.

ಅದಕ್ಕೆ ಸ್ಕಾಟ್ಲೆಂಡಿನ ಕಥೆ ಹೇಳಿದೆ. ಅಲ್ಲಿ 17 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಯಸ್ಸಾದಂತೆ ಕಾಯಿಲೆ ಕೂಡಿಕೊಳ್ಳುವುದು ನಿಜ. ಆದರೆ ತಲೆ ಎಣಿಸಿದರೆ, ಎರಡು ಮೂರು ಕಾಯಿಲೆ ಒಟ್ಟಿಗೆ ಇದ್ದವರಲ್ಲಿ 65ರ ಒಳಗಿನವರೇ ಹೆಚ್ಚು. ಬಡವರಿರುವ ಕಡೆ ಈ ಅವಸ್ಥೆ 10-15 ವರ್ಷ ಮೊದಲೇ ಬರುತ್ತದೆ. ಕಾಯಿಲೆಗಳ ಸಂಖ್ಯೆ ಹೆಚ್ಚಿದಂತೆ ಮನಸ್ಸಿನ ತೊಂದರೆಯೂ ಹೆಚ್ಚುತ್ತದೆ. ಈ ಕೊನೆಯದನ್ನು ಓದಲು ನನಗೆ ಸ್ಕಾಟ್ಲೆಂಡ್ ಬೇಕಿರಲಿಲ್ಲ. ನನ್ನ ಕೋಣೆಯ ಹೊರಗಿನ ಬೆಂಚು ಸಾಕು.

ಸರೋಜಮ್ಮ ಎಲ್ಲ ಕೇಳಿಸಿಕೊಂಡರು. "ಊರಿಗೆಲ್ಲ ಇದ್ರೆ ನನ್ನ ಮಂಡಿ ನೋವು ಕಮ್ಮಿ ಆಗುತ್ತಾ ಮೇಡಂ?"

ಉತ್ತರ ಇರಲಿಲ್ಲ. ಆದರೆ ಅಷ್ಟು ಹೇಳಿದ್ದಕ್ಕೋ ಏನೋ, ಮುಂದಿನ ವಾರ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಬಂದರು. ಕವರಿನ ತಳದಲ್ಲಿ ನಾಲ್ಕಾರು ಅಕ್ಕಿ ಕಾಳು. ಮಾತ್ರೆ ಇರುವುದು ಅಕ್ಕಿ ಡಬ್ಬಿಯಲ್ಲಿ ಅಂತ ಆಗ ಗೊತ್ತಾಯಿತು. ಬೀಗರಾಗುವವರು ಹೇಳದೆ ಕೇಳದೆ ಬಂದುಬಿಡುತ್ತಾರಂತೆ. ತಾಯಿಗೇ ಇಷ್ಟು ಕಾಯಿಲೆ, ನಾಳೆ ಮಗಳಿಗೆ ಬರಲ್ವಾ ಅಂದುಬಿಟ್ಟರೆ?

"ಹಾಗಾದ್ರೆ ಯಾವಾಗ ನುಂಗ್ತೀರಿ?"

"ರಾತ್ರಿ. ಎಲ್ಲ ಮಲಗಿದ ಮೇಲೆ. ಒಟ್ಟಿಗೆ."

ಎದ್ದು ಅವರನ್ನು ಸೀದಾ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಕವರಿನಲ್ಲಿ ಗ್ಲಿಮೆಪಿರೈಡ್ ಇತ್ತು. ಬೆಳಗಿನ ತಿಂಡಿಯ ಜೊತೆ ತೆಗೆದುಕೊಳ್ಳುವ ಶುಗರ್ ಮಾತ್ರೆ ಅದು. ಏಳು ಗಂಟೆಗೆ ಒಂದು ಮುದ್ದೆ ಉಂಡು, ಹನ್ನೊಂದಕ್ಕೆ ಈ ಮಾತ್ರೆ ನುಂಗಿ ಮಲಗಿದರೆ ನಡುರಾತ್ರಿ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಡವಡವ ಎಲ್ಲ ಅದರದ್ದೇ ಲಕ್ಷಣ. ಎರಡು ದಿನ ಪಕ್ಕದ ಮನೆಯವರ ಗ್ಲುಕೋಮೀಟರಿನಲ್ಲಿ ರಾತ್ರಿ ನೋಡಿಕೊಳ್ಳಲು ಡಾಕ್ಟರು ಹೇಳಿದರು. 58 ಬಂತು. 70ಕ್ಕಿಂತ ಇಳಿಯಬಾರದು. ಭಯದ ಮಾತ್ರೆ ಶುರು ಮಾಡಿದ್ದರೆ ನಿಜ ಮುಚ್ಚಿಹೋಗುತ್ತಿತ್ತು.

ಥೈರಾಯ್ಡ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ಮಾತ್ರೆಯೂ ಹೋಗುತ್ತಿತ್ತು. ಕ್ಯಾಲ್ಸಿಯಂ ಅದನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಅವರ ಸುಸ್ತಿಗೆ ಇದೂ ಒಂದು ಕಾರಣ ಇರಬಹುದು ಎಂದರು ಡಾಕ್ಟರು. ಮಂಡಿಗೆ ಮೆಡಿಕಲ್ ಶಾಪಿನಿಂದ ಕೇಳಿ ತರುತ್ತಿದ್ದ ನೋವಿನ ಮಾತ್ರೆ ಬಿಪಿ ಏರಿಸುವಂಥದ್ದು. ಶುಗರ್ ಇದ್ದವರ ಕಿಡ್ನಿಗಂತೂ ಒಳ್ಳೆಯದಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೂರು ಫೈಲನ್ನೂ ಒಂದೇ ಚೀಲದಲ್ಲಿ ಇಡಿ, ಯಾವ ಡಾಕ್ಟರ ಹತ್ತಿರ ಹೋದರೂ ಚೀಲ ಸಮೇತ ಹೋಗಿ. ಒಂದು ಹಾಳೆಯಲ್ಲಿ ಮಾತ್ರೆಯ ಹೆಸರು, ಹೊತ್ತು ಬರೆಸಿ. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಬರೀ ನೀರಿನಲ್ಲಿ. ಕಾಫಿ ಅರ್ಧ ಗಂಟೆ ಬಿಟ್ಟು, ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು. ಉಳಿದವು ಡಾಕ್ಟರು ಬರೆದ ಹೊತ್ತಿಗೆ. ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿಕೊಳ್ಳಿ, ಆಮೇಲೆ ಏನಾದರೂ ತಿನ್ನಿ. ಸುಮ್ನೆ ಮುಸುಕು ಹಾಕಿ ಮಲಗಬೇಡಿ. ಮನಸ್ಸು ತಡೆಯಲಿಲ್ಲ ಅಂದರೆ ರಾತ್ರಿಯಾದರೂ ಸರಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಉಳಿದಿದ್ದು ಅಕ್ಕಿ ಡಬ್ಬಿ. ಬೀಗರಿಗೆ ಹೇಳಿ ಎಂದು ನಾನು ಒತ್ತಾಯಿಸಲಿಲ್ಲ. ಅದು ಅವರ ಮನೆಯ ಮಾತು. ಮಗಳಿಗೆ ಮಾತ್ರ ಹೇಳಿ ಎಂದೆ. ತಾಯಿಗೆ ಶುಗರ್ ಇದ್ದರೆ ಮಗಳಿಗೂ ಬರುವ ಸಾಧ್ಯತೆ ಹೆಚ್ಚು. ಅವಳು ಈಗಲೇ ತಪಾಸಣೆ ಮಾಡಿಸಿಕೊಂಡರೆ ಒಳ್ಳೆಯದು.

ಮುಂದಿನ ಸಲ ಮಗಳೂ ಬಂದಳು. ಅವಳಿಗೆ ಎಂದೋ ಗೊತ್ತಿತ್ತು. ಅಕ್ಕಿ ತೊಳೆಯುವವಳು ಅವಳೇ ತಾನೇ! ಇಷ್ಟು ಮಾತ್ರೆ ನೋಡಿ ಅಮ್ಮನಿಗೆ ಕ್ಯಾನ್ಸರ್ ಇರಬೇಕು ಅಂದುಕೊಂಡು, ಕೇಳಲು ಹೆದರಿ, ಮದುವೆಯೇ ಬೇಡ ಎಂದು ಒಳಗೊಳಗೇ ತೀರ್ಮಾನ ಮಾಡಿದ್ದಳು. ಇಬ್ಬರೂ ನನ್ನ ಎದುರಿಗೇ ಅತ್ತರು. ಆಮೇಲೆ ಜಗಳವಾಡಿದರು. ನಾನು ಎದ್ದು ಚಹಾ ತರಲು ಹೋದೆ.

ಹುಡುಗನಿಗೆ ಮಗಳೇ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಅವನ ಮನೆಯವರು ಇನ್ನೂ ಏನೂ ಹೇಳಿಲ್ಲ. ಸರೋಜಮ್ಮನಿಗೆ ರಾತ್ರಿ ಬೆವರು ನಿಂತಿದೆ. ಮಂಡಿ ನೋವು ಹಾಗೇ ಇದೆ. ಮೆಡಿಕಲ್ ಶಾಪಿನ ಮಾತ್ರೆ "ತಿಂಗಳಿಗೆ ಒಂದೋ ಎರಡೋ" ನುಂಗುತ್ತಾರಂತೆ. ನಾನು ಅದನ್ನು ಮೂರೋ ನಾಲ್ಕೋ ಎಂದು ಬರೆದುಕೊಂಡು, ಅವರ ಎದುರಿಗೇ ಡಾಕ್ಟರಿಗೆ ಹೇಳಿದ್ದೇನೆ.