ಹದಿನೇಳು ಇಂಚಿನ ಲ್ಯಾಪ್‌ಟಾಪ್ ಹೊತ್ತು ತಿರುಗೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ವಿಡಿಯೊ ಎಡಿಟಿಂಗ್ ನಿಮ್ಮ ಕೆಲಸ, ಬಿಡುವಿದ್ದಾಗ ಸಿನಿಮಾ ನೋಡುತ್ತೀರಿ, ವಾರಕ್ಕೆರಡು ಸಲ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೀರಿ. 16 ಅಥವಾ 17 ಇಂಚಿನ ಲ್ಯಾಪ್‌ಟಾಪ್ ಬೇಕು. ವೇಗ ನೋಡಬೇಕಾ, ತೂಕ ನೋಡಬೇಕಾ?

ಎರಡಕ್ಕೂ ಮೊದಲು ಪ್ಲಗ್ ನೋಡಿ. ನೀವು ಕೂತು ಕೆಲಸ ಮಾಡುವ ಜಾಗದಲ್ಲಿ ಪ್ಲಗ್ ಇದೆಯಾ ಇಲ್ಲವಾ ಅನ್ನೋದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ.

ನಮ್ಮದು ಕುಂದಾಪುರದ ಕಡೆ. ಮದುವೆ, ಗೃಹಪ್ರವೇಶ, ಮಳೆಗಾಲ ಬಿಟ್ಟರೆ ಯಕ್ಷಗಾನದ ಆಟದ ವಿಡಿಯೊ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ 17.3 ಇಂಚಿನ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ. ಕಂಪನಿ ಹೆಸರು ಬೇಡ ಬಿಡಿ. ತೂಕ 2.8 ಕೆಜಿ ಅಂತ ಬರೆದಿತ್ತು. ಎರಡು ತಿಂಗಳಲ್ಲಿ ಬಲಗಡೆ ಭುಜ ಎತ್ತೋಕೆ ಆಗದ ಹಾಗಾಯಿತು. ಒಂದು ದಿನ ಮನೆ ಹತ್ತಿರದ ದಿನಸಿ ಅಂಗಡಿಗೆ ಹೋಗಿ, ಅಕ್ಕಿ ತೂಗುವ ತಕ್ಕಡಿ ಮೇಲೆ ಬ್ಯಾಗಿನಿಂದ ಒಂದೊಂದೇ ತೆಗೆದು ಇಟ್ಟೆ. ಲ್ಯಾಪ್‌ಟಾಪ್ 2 ಕೆಜಿ 870 ಗ್ರಾಂ. ಅಡಾಪ್ಟರ್, ಅದರ ಎರಡು ವೈರು ಸೇರಿ 910 ಗ್ರಾಂ. ಅಂಗಡಿಯವರು "ಇದನ್ನ ಯಾವ ರೇಟಿಗೆ ಕೊಡ್ತೀರಿ?" ಅಂತ ಕೇಳಿ ನಕ್ಕರು. ಒಟ್ಟು ಮೂರು ಮುಕ್ಕಾಲು ಕೆಜಿ! ಮಂಗಳೂರಿನಿಂದ ವಿಮಾನ ಹತ್ತಿದರೆ ಕೈಚೀಲಕ್ಕೆ ಸಾಮಾನ್ಯವಾಗಿ ಸಿಗೋದೇ 7 ಕೆಜಿ. ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು.

ತೂಕವನ್ನಾದರೂ ಸಹಿಸಬಹುದಿತ್ತು. ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಆಟ ನಡೆಯುವಾಗ ಮೆಮೊರಿ ಕಾರ್ಡ್ ತುಂಬಿದ ಹಾಗೆಲ್ಲ ಚೌಕಿಯ (ವೇಷ ಕಟ್ಟುವ ಜಾಗದ) ಮೂಲೆಯಲ್ಲಿ ಕೂತು ಕಾಪಿ ಮಾಡಬೇಕು. ಒಂದು ಕಡೆ ವೇಷದವರು ಕಿರೀಟ ಬಿಗಿದುಕೊಳ್ಳುತ್ತಿರುತ್ತಾರೆ, ಅವರ ಕಾಲ ಸಂದಿಯಲ್ಲಿ ನನ್ನ ಲ್ಯಾಪ್‌ಟಾಪ್. ಕರೆಂಟು ಜನರೇಟರಿನದು, ಪ್ಲಗ್ ಸಿಕ್ಕರೆ ಸಿಕ್ಕಿತು. ಒಂದು ರಾತ್ರಿ ಮೇಳದವರಿಗೆ ಎರಡು ನಿಮಿಷದ ತುಣುಕು ಅಲ್ಲೇ ಮಾಡಿ ಕೊಡಬೇಕಿತ್ತು. ಮನೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಎಕ್ಸ್‌ಪೋರ್ಟ್ (ಎಡಿಟ್ ಮಾಡಿದ್ದು ಒಂದೇ ಫೈಲಾಗಿ ಹೊರಬರೋದು) ಆಗುತ್ತಿದ್ದದ್ದು ಅಲ್ಲಿ ತೆವಳತೊಡಗಿತು. ಬ್ಯಾಟರಿ ಶೇಕಡಾ ನೋಡನೋಡುತ್ತಾ ಇಳಿಯಿತು. ತುಣುಕು ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಮಲಗಿತು.

ಆಮೇಲೆ ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಇಂಥ ಯಂತ್ರದ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಪೂರ್ತಿ ದುಡಿದರೆ 200 ವ್ಯಾಟ್ ಹತ್ತಿರ ಎಳೆಯುತ್ತವೆ. ಬ್ಯಾಟರಿ 80 ವ್ಯಾಟ್-ಅವರ್ ಅಂದುಕೊಳ್ಳಿ, ಅಂದರೆ 80 ವ್ಯಾಟ್ ಎಳೆದರೆ ಒಂದು ಗಂಟೆ ಬರುವಷ್ಟು. ಆ ವೇಗದಲ್ಲಿ ಅರ್ಧ ಗಂಟೆಯೂ ಬರೋದಿಲ್ಲ. ಸಾಲದ್ದಕ್ಕೆ ಅಷ್ಟು ಕರೆಂಟನ್ನು ಬ್ಯಾಟರಿ ಒಂದೇ ಸಲಕ್ಕೆ ಕೊಡಲಾರದು, ಹಾಗಾಗಿ ಪ್ಲಗ್ ಕಿತ್ತ ತಕ್ಷಣ ಲ್ಯಾಪ್‌ಟಾಪೇ ವೇಗ ತಗ್ಗಿಸಿಕೊಳ್ಳುತ್ತದೆ. ದೊಡ್ಡ ಬ್ಯಾಟರಿ ಹಾಕಬಹುದಲ್ವಾ ಅಂದರೆ, 100 ವ್ಯಾಟ್-ಅವರ್ ದಾಟಿದರೆ ವಿಮಾನದಲ್ಲಿ ಒಯ್ಯಲು ಏರ್‌ಲೈನ್‌ನವರ ಒಪ್ಪಿಗೆ ಬೇಕು. ಆ ಗೆರೆ ದಾಟುವ ಗೋಜಿಗೆ ಕಂಪನಿಗಳು ಹೋಗೋದಿಲ್ಲ. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99 ಚಿಲ್ಲರೆಯಲ್ಲಿ ನಿಂತಿರೋದು ಇದಕ್ಕೇ.

ಇಲ್ಲೇ ಆಪಲ್‌ನ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬೇರೆ ಜಾತಿ ಅನಿಸೋದು. 2021ರ ಎಂ1 ಪ್ರೊ ಚಿಪ್ ಇರುವ ಮಾದರಿಯಿಂದ ಈಚೆಗೆ, ಪ್ಲಗ್ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಅದೇ ವೇಗ. ಆ ಚಿಪ್ ಎಳೆಯುವ ಕರೆಂಟೇ ಕಡಿಮೆ. ಹಾಗಂತ ಹಗುರ ಅಂದುಕೊಳ್ಳಬೇಡಿ, 2.1 ಕೆಜಿ ಇದೆ. ಆದರೆ ಅಡಾಪ್ಟರನ್ನು ಮನೆಯಲ್ಲೇ ಬಿಟ್ಟು ಹೋಗುವ ಧೈರ್ಯ ಬರುತ್ತದೆ. ತೀರಾ ಬೇಕಾದರೆ ಫೋನಿನ 65 ವ್ಯಾಟ್ ಯುಎಸ್‌ಬಿ-ಸಿ ಚಾರ್ಜರ್ ಚುಚ್ಚಿದರೂ ನಿಧಾನಕ್ಕೆ ಏರುತ್ತದೆ. ನಾನೀಗ ಬಳಸುತ್ತಿರೋದು ಇದೇ ಎಂ1 ಪ್ರೊ, ಸೆಕೆಂಡ್ ಹ್ಯಾಂಡ್. ಆಪಲ್ ಮೇಲೆ ಭಕ್ತಿ ಏನಿಲ್ಲ. ಮೆಮೊರಿ, ಸ್ಟೋರೇಜ್ ಜಾಸ್ತಿ ಬೇಕು ಅಂದರೆ ಅವರು ಕೇಳುವ ದುಡ್ಡು ನೋಡಿ ಸಿಟ್ಟೇ ಬರುತ್ತದೆ. ಆಮೇಲೆ ನಾವೇ ಹೆಚ್ಚಿಸಿಕೊಳ್ಳೋಣ ಅಂದರೆ ಅದೂ ಆಗೋದಿಲ್ಲ, ಎಲ್ಲ ಬೋರ್ಡಿಗೇ ಬೆಸುಗೆ.

ವಿಂಡೋಸೇ ಬೇಕು ಅಂದರೆ ಆಸುಸ್‌ನ ಝೆಫೈರಸ್ ಜಿ16 ನೋಡಿ. 2024ರ ಮಾದರಿ ಸುಮಾರು 1.85 ಕೆಜಿ, ಓಲೆಡ್ ಸ್ಕ್ರೀನ್ (ಒಂದೊಂದು ಚುಕ್ಕೆಯೂ ತಾನೇ ಬೆಳಗುವಂಥದ್ದು), 90 ವ್ಯಾಟ್-ಅವರ್ ಬ್ಯಾಟರಿ. ಸಿನಿಮಾ ನೋಡೋಕೆ ಆ ಕಪ್ಪು ಬಣ್ಣಕ್ಕೆ ಸಾಟಿಯಿಲ್ಲ. ರೈಲಿನ ಕಿಟಕಿ ಪಕ್ಕ ಹಗಲಲ್ಲಿ ಕೂತರೆ ಮಾತ್ರ ಅದೇ ಸ್ಕ್ರೀನಿನಲ್ಲಿ ನಿಮ್ಮ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಲೆನೊವೊದ 16 ಇಂಚಿನ ಲೀಜನ್ ಪ್ರೊ ಸಾಲಿನವು ಸುಮಾರು ಎರಡೂವರೆ ಕೆಜಿ. ಜೊತೆಗೆ ಇಟ್ಟಿಗೆಯಂಥ ಅಡಾಪ್ಟರ್. ಆದರೆ ಟೇಬಲ್ ಮೇಲೆ ಪ್ಲಗ್ ಹಾಕಿ ಇಟ್ಟರೆ ಕೊಟ್ಟ ದುಡ್ಡಿಗೆ ಅವುಗಳಷ್ಟು ದುಡಿಯುವವು ಕಡಿಮೆ.

ಇನ್ನೊಂದು ತುದಿಯಲ್ಲಿ ಎಲ್‌ಜಿ ಗ್ರಾಮ್ 17. ಹದಿನೇಳು ಇಂಚು, ತೂಕ ಬರೀ 1.35 ಕೆಜಿ. ಕೈಗೆ ತಗೊಂಡರೆ ಒಳಗೆ ಏನೂ ಇಲ್ಲವೇನೋ ಅನಿಸುತ್ತದೆ. ಬಹುಪಾಲು ಮಾದರಿಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರೋದಿಲ್ಲ. ಬರವಣಿಗೆ, ಎಕ್ಸೆಲ್, ಸಿನಿಮಾ, ಸಣ್ಣಪುಟ್ಟ ಕಟಿಂಗ್‌ಗೆ ಚೆನ್ನ. ಮೂರು ಕ್ಯಾಮೆರಾದ 4ಕೆ ವಿಡಿಯೊ ಒಟ್ಟಿಗೆ ಹಾಕಿದರೆ ಉಸಿರು ಕಟ್ಟುತ್ತದೆ. 15 ಇಂಚಿನ ಮ್ಯಾಕ್‌ಬುಕ್ ಏರ್ ಕೂಡ ಒಂದೂವರೆ ಕೆಜಿಯ ಒಳ್ಳೆಯ ವಸ್ತು, ಆದರೆ ಫ್ಯಾನೇ ಇಲ್ಲ. ಉದ್ದ ಎಕ್ಸ್‌ಪೋರ್ಟ್ ಹಾಕಿದರೆ ಬಿಸಿಯಾಗಿ ನಿಧಾನವಾಗುತ್ತದೆ.

ಅಂಗಡಿಯಲ್ಲಿ ಯಾರೂ ಹೇಳದ ಮಾತೊಂದಿದೆ. ಎಡಿಟಿಂಗ್‌ನಲ್ಲಿ ಟೈಮ್‌ಲೈನ್ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ತಡವರಿಸಿದರೆ ಎಲ್ಲರೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಿ ಅನ್ನುತ್ತಾರೆ. ಎಷ್ಟೋ ಸಲ ತೊಂದರೆ ಕಾರ್ಡಿನದಲ್ಲ, ಕ್ಯಾಮೆರಾದ ಫೈಲಿನದು. ಸೋನಿ ಎ7 4ರಂಥ ಕ್ಯಾಮೆರಾಗಳು 10 ಬಿಟ್ 4:2:2 ವಿಡಿಯೊ, ಅಂದರೆ ಬಣ್ಣದ ವಿವರ ಜಾಸ್ತಿ ಇರುವ ವಿಡಿಯೊ ಕೊಡುತ್ತವೆ. ಈ ಥರದ ಎಚ್.265 (ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ಒಂದು ವಿಧಾನ) ಫೈಲನ್ನು ಬಿಡಿಸಿ ತೋರಿಸುವ ಸೌಲಭ್ಯ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 40 ಸಾಲಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಇಲ್ಲವೇ ಇಲ್ಲ, ಎಷ್ಟೇ ದುಬಾರಿ ಕಾರ್ಡ್ ಆಗಿರಲಿ. 2025ರಲ್ಲಿ ಬಂದ 50 ಸಾಲಿನಲ್ಲಿ ಇದೆ. ಆಪಲ್ ಎಂ ಚಿಪ್‌ಗಳಲ್ಲಿ ಇದೆ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸಿನಲ್ಲೂ ಇದೆ. ಹಾಗಾಗಿ ಕೆಲವೊಮ್ಮೆ ಸಾಧಾರಣ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುವ ವಿಡಿಯೊ, ಅದರ ಎರಡು ಪಟ್ಟು ಬೆಲೆಯ ಯಂತ್ರದಲ್ಲಿ ಎಡವುತ್ತದೆ. ಇನ್ನೊಂದು ಚಿಕ್ಕ ಮಾತು: ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ದೊಡ್ಡ ಕಾರ್ಡ್ ಮಾತ್ರ ಓಡುವ ಹಾಗೆ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಹಾಕಿಟ್ಟರೆ ಒಳಗಿನ ಇಂಟೆಲ್ ಗ್ರಾಫಿಕ್ಸ್ ಮಲಗಿಬಿಡಬಹುದು, ಜೊತೆಗೆ ಈ ಅನುಕೂಲವೂ. ನನ್ನ ಗೆಳೆಯರೊಬ್ಬರು ಒಂದು ಇಡೀ ಮದುವೆ ಸೀಸನ್ ಹೀಗೇ ಒದ್ದಾಡಿದರು.

ಕಾರ್ಡಿನ ಹೆಸರನ್ನೂ ಪೂರ್ತಿ ನಂಬಬೇಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಅಂದರೆ 35 ವ್ಯಾಟಿನದೂ ಇರಬಹುದು, 115 ವ್ಯಾಟಿನದೂ ಇರಬಹುದು; ವ್ಯಾಟ್ ಕಡಿಮೆಯಾದರೆ ವೇಗವೂ ಕಡಿಮೆ. ಮೈ ತೆಳ್ಳಗಿದ್ದರೆ ವ್ಯಾಟ್ ಸಾಮಾನ್ಯವಾಗಿ ಕಡಿಮೆ. 4060, 4070 ಎರಡಕ್ಕೂ ಕಾರ್ಡಿನ ಸ್ವಂತ ಮೆಮೊರಿ 8 ಜಿಬಿಯೇ, ಹಾಗಾಗಿ ಎಡಿಟಿಂಗ್‌ಗೆ ಅಂತ ಸುಮ್ನೆ 4070ಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ. ಆ ದುಡ್ಡನ್ನು 32 ಜಿಬಿ ರ್‍ಯಾಮ್‌ಗೆ ಹಾಕಿ.

ಸ್ಕ್ರೀನಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಹಳೆಯ 15.6 ಇಂಚು ಮತ್ತು ಈಗಿನ 16 ಇಂಚಿನ ಸ್ಕ್ರೀನಿನ ಅಗಲ ಹೆಚ್ಚುಕಡಿಮೆ ಒಂದೇ, 34.5 ಸೆಂಟಿಮೀಟರ್. ಹಳೆಯದರ ಅಗಲ-ಎತ್ತರದ ಲೆಕ್ಕ 16:9, ಹೊಸದು 16:10 ಆಕಾರ, ಹಾಗಾಗಿ ಎತ್ತರ ಎರಡು ಸೆಂಟಿಮೀಟರ್ ಜಾಸ್ತಿ. ಆ ಎರಡು ಸೆಂಟಿಮೀಟರಿನಲ್ಲಿ ಟೈಮ್‌ಲೈನಿನ ಇನ್ನೊಂದೆರಡು ಟ್ರ್ಯಾಕ್ (ವಿಡಿಯೊ, ಆಡಿಯೊ ಸಾಲು) ಕಾಣುತ್ತವೆ. 16:10ರ 17 ಇಂಚಿನದ್ದಕ್ಕೆ ಹಳೆಯ 17.3ಕ್ಕಿಂತ ತುಸು ಜಾಸ್ತಿಯೇ ಜಾಗ ಇದೆ, ಅಗಲ ಮಾತ್ರ ಕಡಿಮೆ. ಆದ್ದರಿಂದ 17.3 ಅಂದಕೂಡಲೇ ದೊಡ್ಡದು ಅಂತ ಹಿಗ್ಗಬೇಡಿ. ಇಂಚಿಗಿಂತ ಬಣ್ಣ ಮುಖ್ಯ. ವಿವರದಲ್ಲಿ 45% ಎನ್‌ಟಿಎಸ್‌ಸಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ) ಅಂತ ಕಂಡರೆ ಅಲ್ಲಿಂದ ಎದ್ದು ಬನ್ನಿ. ಅದರಲ್ಲಿ ಸರಿ ಮಾಡಿದ ಮದುಮಗಳ ಕೆಂಪು ಸೀರೆ ಬೇರೆಯವರ ಟಿವಿಯಲ್ಲಿ ಇನ್ನೇನೋ ಆಗಿರುತ್ತದೆ. ಎಸ್‌ಆರ್‌ಜಿಬಿ ಅನ್ನೋದೂ ಅಂಥದ್ದೇ ಅಳತೆ, ಅದು ಕನಿಷ್ಠ 100% ಇರಲಿ.

ಹಿಂದೆ ಮಲ್ಟಿಮೀಡಿಯಾ ಲ್ಯಾಪ್‌ಟಾಪ್ ಅಂದರೆ ಇನ್ನೂ ತಮಾಷೆ. 2006ರಲ್ಲಿ ಡೆಲ್ ಎಕ್ಸ್‌ಪಿಎಸ್ ಎಂ2010 ಅಂತ ಒಂದು ಬಂದಿತ್ತು, 20.1 ಇಂಚು, ಎಂಟು ಕೆಜಿಗಿಂತ ಜಾಸ್ತಿ. ಸೂಟ್‌ಕೇಸಿನ ಹಾಗೆ ಹಿಡಿ ಬೇರೆ ಇತ್ತು! ಅದಕ್ಕೆ ಹೋಲಿಸಿದರೆ ನನ್ನ ಮೂರು ಮುಕ್ಕಾಲು ಕೆಜಿ ಹೂವಿನ ಬುಟ್ಟಿ.

ಇನ್ನು ನಿಮ್ಮ ವಿಷಯ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಕೂರೋಕೆ ಜಾಗ ಸಿಕ್ಕರೆ ಪುಣ್ಯ, ಅಲ್ಲಿ 17 ಇಂಚು ಬಿಚ್ಚಿದರೆ ಪಕ್ಕದವರ ಮೊಣಕೈ ಸ್ಕ್ರೀನಿಗೆ ತಾಗುತ್ತದೆ. ವಂದೇ ಭಾರತ್‌ನಲ್ಲಿ ಪ್ಲಗ್ ಇದೆ, ಮಡಿಸುವ ಟ್ರೇಯೂ ಇದೆ. ಆದರೆ ಮುಂದಿನವರು ಸೀಟು ಹಿಂದಕ್ಕೆ ವಾಲಿಸಿದರೆ ದೊಡ್ಡ ಸ್ಕ್ರೀನನ್ನು ಪೂರ್ತಿ ತೆರೆಯೋಕೆ ಆಗೋದಿಲ್ಲ. ಎರಡು ಗಂಟೆಯ ಪ್ರಯಾಣದಲ್ಲಿ ನಿಜವಾಗಿ ಎಡಿಟ್ ಮಾಡುತ್ತೀರಾ, ನಿದ್ದೆ ಮಾಡುತ್ತೀರಾ? ನಿಮಗೇ ಗೊತ್ತಿರುತ್ತದೆ. ದಾರಿಯಲ್ಲೂ, ಗಿರಾಕಿಗಳ ಮನೆಯಲ್ಲೂ ಕೆಲಸ ಇದ್ದರೆ 16 ಇಂಚಿನ ಮ್ಯಾಕ್‌ಬುಕ್ ಪ್ರೊ, ಇಲ್ಲವೇ ಎರಡು ಕೆಜಿ ಒಳಗಿನ ವಿಂಡೋಸ್ ಯಂತ್ರ ತಗೊಳ್ಳಿ. ಕೆಲಸವೆಲ್ಲ ಎರಡೂ ಊರಿನ ಟೇಬಲ್ ಮೇಲೆ ಅಂದರೆ ಲೀಜನ್ ಥರದ್ದೇ ಸರಿ, ಆದರೆ ಎರಡನೇ ಅಡಾಪ್ಟರ್ ಕೊಂಡು ಬೆಂಗಳೂರಿನಲ್ಲೇ ಇಟ್ಟುಬಿಡಿ. ಬ್ಯಾಗಿನಿಂದ ಮುಕ್ಕಾಲು ಕೆಜಿ ಅಲ್ಲೇ ಇಳಿಯುತ್ತದೆ.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್, ಅಡಾಪ್ಟರ್ ಎರಡನ್ನೂ ನಿಮ್ಮ ಬ್ಯಾಗಿಗೆ ಹಾಕಿಸಿಕೊಂಡು ಒಂದು ಮಹಡಿ ಹತ್ತಿ ಇಳಿಯಿರಿ. ಅಂಗಡಿ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಆಮೇಲೆ ಪ್ಲಗ್ ಕೀಳಿಸಿ, ಪೆನ್‌ಡ್ರೈವಿನಲ್ಲಿ ಒಯ್ದ ನಿಮ್ಮದೇ ಕ್ಯಾಮೆರಾದ ಒಂದು ಫೈಲ್ ಓಡಿಸಿ ನೋಡಿ.