ಮಾರ್ಗದರ್ಶಕರ ಕಣ್ಣು, ಪರೀಕ್ಷಕರ ಕಿವಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ಮಹಾಪ್ರಬಂಧದ ಕೊನೆಯ ಹಂತದಲ್ಲಿದ್ದ ಸಂಶೋಧನಾರ್ಥಿ. ಉಲ್ಲೇಖಗಳನ್ನು ಬರೆಯುವ ಎಪಿಎ ಶೈಲಿಯ 7ನೇ ಆವೃತ್ತಿಯಿಂದ ಕೂದಲೆಳೆಯಷ್ಟೂ ಸರಿಯಬಾರದೆಂಬುದು ಮಾರ್ಗದರ್ಶಕರ ಕಟ್ಟಪ್ಪಣೆ. ಪರೀಕ್ಷಕರಲ್ಲೊಬ್ಬರು ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವವರು. ಉಲ್ಲೇಖಪಟ್ಟಿ ತಲೆಬುಡ ತಿಳಿಯುತ್ತಿಲ್ಲವೆಂದು ಪಿಡಿಎಫ್ ವಾಪಸು ಕಳಿಸಿದ್ದಾರೆ. ಸ್ನೇಹಿತರ ಮಾತು ಕೇಳಿ ಡಿಒಐ ವಿಳಾಸಗಳನ್ನೆಲ್ಲ (ಪ್ರತಿ ಲೇಖನದ ಶಾಶ್ವತ ಅಂತರ್ಜಾಲ ಗುರುತು) ಅಳಿಸಿ ಶೀರ್ಷಿಕೆಗಳಿಗೇ ಲಿಂಕ್ ಕೊಟ್ಟರು. ಮಾರ್ಗದರ್ಶಕರು ಕೆಂಪು ಗೆರೆ ಎಳೆದರು. ಮೂರು ವಾರದಿಂದ ಅದೇ ಪಟ್ಟಿಯನ್ನು ಹಿಂದೆ ಮುಂದೆ ತಿದ್ದುತ್ತಿದ್ದಾರೆ. ನಿದ್ದೆಯಿಲ್ಲ, ಕೊನೆಯ ಅಧ್ಯಾಯ ಮುಟ್ಟಿಲ್ಲ. "ಒಬ್ಬರಿಗೆ ಸರಿ ಮಾಡಿದರೆ ಇನ್ನೊಬ್ಬರಿಗೆ ತಪ್ಪು" ಎಂದರು.

ಸಮಾಧಾನದ ಮಾತಿಗಿಂತ ಮೊದಲು ಕಡತವನ್ನೇ ತೆರೆಸಿ ನೋಡಿದ್ದು ಒಳ್ಳೆಯದಾಯಿತು. ಜಗಳ ಇದೆಯೆಂದು ಅವರು ನಂಬಿದ್ದ ಜಾಗದಲ್ಲಿ ಜಗಳವೇ ಇರಲಿಲ್ಲ.

ಎಪಿಎ ಪ್ರತಿ ನಮೂದಿಗೆ 1.27 ಸೆಂ.ಮೀ. ಹ್ಯಾಂಗಿಂಗ್ ಇಂಡೆಂಟ್ ಕೇಳುತ್ತದೆ, ಅಂದರೆ ಮೊದಲ ಸಾಲು ಅಂಚಿಗೆ, ಉಳಿದ ಸಾಲುಗಳು ಒಳಕ್ಕೆ. ಇವರು ಅದನ್ನು ಸಾಧಿಸಿದ್ದು ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಿ, ಮುಂದಿನ ಸಾಲಿಗೆ ಟ್ಯಾಬ್ ಹಾಕಿ. ಕಣ್ಣಿಗೆ ಅಚ್ಚುಕಟ್ಟು. ಆದರೆ ಯಂತ್ರಕ್ಕೆ ಒಂದು ನಮೂದು ಮೂರು ಬಿಡಿ ಪ್ಯಾರಾ: ಲೇಖಕರ ಹೆಸರು ಒಂದರಲ್ಲಿ, ಶೀರ್ಷಿಕೆಯ ಬಾಲ ಇನ್ನೊಂದರಲ್ಲಿ, ಡಿಒಐ ಮತ್ತೊಂದರಲ್ಲಿ. ವೆಬ್ ವಿಷಯ ಅಂಗವಿಕಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 2.4.4ನೇ ಮಾನದಂಡ ಲಿಂಕ್ ಎಲ್ಲಿಗೆ ಒಯ್ಯುತ್ತದೆಂದು ತಿಳಿಯಬೇಕು ಎನ್ನುತ್ತದೆ. ಆದರೆ ಲಿಂಕ್‌ನ ಪದಗಳಿಂದಲೇ ತಿಳಿಯಬೇಕೆಂದಿಲ್ಲ, ಅದೇ ಪ್ಯಾರಾದ ಉಳಿದ ಮಾತಿನಿಂದ ತಿಳಿದರೂ ಸಾಕು. ಅಂದರೆ ಪೂರ್ತಿ ಡಿಒಐ ಕಾಣುವಂತೆ ಬರೆದದ್ದು ತಪ್ಪಲ್ಲ. ಪ್ಯಾರಾ ಒಡೆದದ್ದು ತಪ್ಪು. ಲಿಂಕ್ ತನ್ನ ಪದಗಳಿಂದಲೇ ಅರ್ಥವಾಗಬೇಕೆನ್ನುವುದು 2.4.9, ಅದು ಅತಿ ಕಟ್ಟುನಿಟ್ಟಾದ ಎಎಎ ಮಟ್ಟದ್ದು.

ಹಾಗಾಗಿ ಕೊಟ್ಟ ಮೊದಲ ಸಲಹೆ: ಅಳಿಸಿದ ಡಿಒಐಗಳನ್ನು ಮರಳಿ ತನ್ನಿ. ವರ್ಡ್‌ನಲ್ಲಿ ಪ್ಯಾರಾ ಗುರುತುಗಳನ್ನು ತೋರಿಸಿಕೊಂಡು, ಹುಡುಕಿ-ಬದಲಿಸುವ ಪೆಟ್ಟಿಗೆಯಲ್ಲಿ ಪ್ಯಾರಾ ಗುರುತು ಮತ್ತು ಟ್ಯಾಬ್ ಎರಡನ್ನೂ ಜೋಡಿಯಾಗಿ ಹುಡುಕಿ, ಜಾಗದಲ್ಲಿ ಒಂದು ಸ್ಪೇಸ್ ಇಡಿ. ಪ್ಯಾರಾ ಗುರುತನ್ನಷ್ಟೇ ಹುಡುಕಿದರೆ ಇಡೀ ಪಟ್ಟಿ ಒಂದೇ ಮುದ್ದೆಯಾಗುತ್ತದೆ. ಆಮೇಲೆ ಪಟ್ಟಿಯನ್ನು ಆಯ್ದು ಕಂಟ್ರೋಲ್ ಮತ್ತು ಟಿ ಒತ್ತಿದರೆ ನಿಜವಾದ ಇಂಡೆಂಟ್. ಎರಡು ಸಾಲಿಗೆ ಮುರಿದಿದ್ದ ಡಿಒಐಗಳ ನಡುವೆ ಈಗ ಸ್ಪೇಸ್ ಉಳಿದಿರುತ್ತದೆ. ಅದನ್ನು ಕೈಯಿಂದಲೇ ತೆಗೆದು ಲಿಂಕ್ ಹೊಸದಾಗಿ ಕೊಡಬೇಕು, ಇಲ್ಲದಿದ್ದರೆ ಅರ್ಧ ವಿಳಾಸಕ್ಕೆ ಹೋಗಿ ನಿಲ್ಲುತ್ತದೆ.

ಲಿಂಕ್‌ಗಳು ತಿಳಿ ಬೂದು ಬಣ್ಣದಲ್ಲಿದ್ದವು, ಅಡಿಗೆರೆಯೂ ಇಲ್ಲ. ಬಿಳಿ ಹಾಳೆಯ ಮೇಲೆ ಆ ಬೂದಿನ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) 3ಕ್ಕೆ 1 ಕೂಡ ಇಲ್ಲ, ಬೇಕಾದ್ದು 4.5ಕ್ಕೆ 1. ಎಪಿಎ ಕೇಳದ ಅಲಂಕಾರವಿದು! ವರ್ಡ್‌ನ ನೀಲಿ ಅಡಿಗೆರೆಯನ್ನು ಆ ಶೈಲಿಯೇ ಒಪ್ಪುತ್ತದೆ.

'ಉಲ್ಲೇಖಗಳು' ಎಂಬ ತಲೆಬರಹ ದಪ್ಪಕ್ಷರ ಮಾಡಿ ನಡುವಿಗೆ ತಂದದ್ದಷ್ಟೇ. ಹೆಡಿಂಗ್ 1 ಶೈಲಿ ಹಚ್ಚಿ, ಆ ಶೈಲಿಯನ್ನೇ ದಪ್ಪ ಮತ್ತು ನಡುವಿಗೆ ಎಂದು ಬದಲಿಸಿದರೆ ಇಬ್ಬರಿಗೂ ಒಪ್ಪಿಗೆ. ಕೆಲವು ಕನ್ನಡ ನಮೂದುಗಳು ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದವು. ಸ್ಕ್ರೀನ್ ರೀಡರ್ ಅವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ, ಭಾಷೆ ಕನ್ನಡ ಎಂದು ಗುರುತು ಹಾಕಲು ಹೇಳಲಾಯಿತು.

ಕೊನೆಗೆ ಪಿಡಿಎಫ್. ಪ್ರಿಂಟ್ ಆಜ್ಞೆಯಿಂದ ಮಾಡಿದ್ದರಿಂದ, ತಲೆಬರಹ ಯಾವುದು, ಪ್ಯಾರಾ ಯಾವುದು ಎಂದು ಯಂತ್ರಕ್ಕೆ ತಿಳಿಸುವ ಟ್ಯಾಗ್‌ಗಳೆಲ್ಲ ಉದುರಿದ್ದವು. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆಯ್ದು, ಆಯ್ಕೆಗಳಲ್ಲಿ ರಚನಾ ಟ್ಯಾಗ್‌ಗಳ ಪೆಟ್ಟಿಗೆಗೆ ಗುರುತಿರಬೇಕು. ಇದೊಂದು ತಪ್ಪಿದರೆ ಮೇಲಿನದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮಾರ್ಗದರ್ಶಕರ ಭಯವೇ ನಿಜವಾದ ಗಂಟು. "ಎಪಿಎ ಬಿಡುತ್ತೇನೆ" ಎಂದು ಅನುಮತಿ ಕೇಳಲು ಹೋಗಿ ಬೈಸಿಕೊಂಡಿದ್ದರು. ಈಗ ಕೇಳುವಂಥದ್ದೇನೂ ಇಲ್ಲ. ತಿದ್ದಿದ ಒಂದು ಪುಟವನ್ನು ಮುದ್ರಿಸಿ ಮುಂದಿಟ್ಟು, "ಎಪಿಎ ನೋಟ ಬದಲಾಗಿಲ್ಲ, ಒಳಗಿನ ಕಟ್ಟು ಸರಿಪಡಿಸಿದ್ದೇನೆ" ಎಂದಷ್ಟೇ ಹೇಳುವಂತೆ ಇಲ್ಲೇ ಎರಡು ಸಲ ಅಭ್ಯಾಸ ಮಾಡಿಸಲಾಯಿತು. ದಿನಕ್ಕೆ 20 ನಮೂದು, ಒಂದು ಗಂಟೆ, ಅದಾದ ಮೇಲೆ ಪಟ್ಟಿ ಮುಚ್ಚಿ ಕೊನೆಯ ಅಧ್ಯಾಯ. ಪರೀಕ್ಷಕರಿಗೆ ಮರಳಿ ಕಳಿಸುವ ಮೊದಲು ಉಚಿತ ಸ್ಕ್ರೀನ್ ರೀಡರ್ ಆದ ಎನ್‌ವಿಡಿಎ ಹಾಕಿಕೊಂಡು, ಪರದೆ ಆರಿಸಿ, ಹತ್ತು ನಮೂದು ಕಿವಿಯಿಂದಲೇ ಕೇಳಬೇಕು.