ಅರ್ಜಿ ಎಲ್ಲಿ ನಿಂತಿತು?

ಮಂಜೇಶ್ವರ ತಾಲೂಕಿನ ಒಳಹಳ್ಳಿಯ 34 ವರ್ಷದ ಪುರುಷ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಮಂಗಳೂರಿನ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಆರು ವರ್ಷ ಲೆಕ್ಕ ಬರೆದವರು. ಅಂಗಡಿ ಮುಚ್ಚಿ 14 ತಿಂಗಳಾಗಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.) ಕೆಲಸ ಹುಡುಕುವ ಬಗ್ಗೆ ಸಲಹೆ ಕೇಳಲು ಕರೆತಂದದ್ದು ಅಕ್ಕ. “ಇವ ಹಗಲಿಡೀ ಮಲಗುದು, ರಾತ್ರಿ ಮೊಬೈಲಲ್ಲಿ ಅರ್ಜಿ ಹಾಕುದು” ಎಂಬುದು ಅವರ ದೂರು. ತಮ್ಮನದ್ದು ಒಂದೇ ಮಾತು: “ಹಾಕಿ ಹಾಕಿ ಸಾಕಾಯ್ತು ಸರ್, ಒಂದು ಫೋನೂ ಇಲ್ಲ.”

ಇಂಥಲ್ಲಿ ಧೈರ್ಯ ಹೇಳುವುದು ಸುಲಭ, ಉಪಯೋಗ ಕಡಿಮೆ. ಹುಡುಕಾಟ ಯಾವ ಹಂತದಲ್ಲಿ ತುಂಡಾಗುತ್ತಿದೆ ಎಂದು ಮೊದಲು ನೋಡಬೇಕು. ಕರೆಯೇ ಬಾರದಿದ್ದರೆ ತಪ್ಪಿರುವುದು ಬಯೋಡೇಟಾದಲ್ಲಿ, ಇಲ್ಲವೇ ಅರ್ಜಿ ಹಾಕುವ ಜಾಗದಲ್ಲಿ. ಸಂದರ್ಶನದಲ್ಲಿ ಕೈತಪ್ಪಿದರೆ ಮಾತಿನ ತಯಾರಿ ಸಾಲದು. ಸೇರಿ ಎರಡು ವಾರಕ್ಕೆ ಬಿಟ್ಟುಬಂದರೆ ಬಸ್ಸು, ಸಮಯ, ಮನೆಯ ಹೊರೆ ವಿಚಾರಿಸಬೇಕು.

ಇವರ ಬಯೋಡೇಟಾ ಎರಡು ಪುಟ. ತುದಿಯಲ್ಲಿದ್ದ ಮೊಬೈಲ್ ನಂಬರಿಗೆ ಅಲ್ಲೇ ಕೂತು ಫೋನು ಮಾಡಿಸಲಾಯಿತು, ಗಂಟೆಯೇ ಹೋಗಲಿಲ್ಲ. ಮಂಗಳೂರಿನಲ್ಲಿದ್ದಾಗಿನ ಸಿಮ್ಮು, ರೀಚಾರ್ಜ್ ಇಲ್ಲದೆ ಎಂದೋ ಸತ್ತಿತ್ತು. ಬೇರೆ ನಂಬರು ತಗೊಂಡಾಗ ಫೈಲು ತಿದ್ದಿರಲಿಲ್ಲ. ಒಳಗೆ ತಂದೆಯ ಹೆಸರು, ಜಾತಿ, ಹವ್ಯಾಸ ಎಲ್ಲ ಇದ್ದವು. ಆರು ವರ್ಷದ ದುಡಿಮೆಗೆ ಮಾತ್ರ “ಅಕೌಂಟ್ಸ್ ಕೆಲಸ” ಎಂಬ ಎರಡೇ ಪದ. ಕೆದಕಿದಾಗ ಹೊರಬಿದ್ದದ್ದು: ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಕಂಪ್ಯೂಟರ್ ತಂತ್ರಾಂಶ) ದಿನದ ಎಂಟ್ರಿ, ತಿಂಗಳ ಕೊನೆಗೆ ಬ್ಯಾಂಕ್ ತಾಳೆ, ಜಿಎಸ್‌ಟಿ ರಿಟರ್ನಿಗೆ ಬಿಲ್ಲು ಹೊಂದಿಸುವುದು, ಬೆಳೆಗಾರರೊಡನೆ ತುಳು, ಬ್ಯಾರಿ, ಮಲಯಾಳದಲ್ಲಿ ಬಾಕಿ ವಸೂಲಿ. ಇವೇ ಹೊಸ ಬಯೋಡೇಟಾದ ಮೊದಲ ಸಾಲುಗಳಾದವು, ಒಂದೇ ಪುಟದಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಓದಲು ಬಾರದು ಎಂಬುದನ್ನು ಹಾಗೆಯೇ ಬರೆಸಲಾಯಿತು. “ಮಲಯಾಳ ಬಾರದು” ಎಂದು ಕಾಸರಗೋಡಿನ ಕನ್ನಡದವರು ತಮ್ಮನ್ನು ತಾವೇ ತಗ್ಗಿಸಿಕೊಳ್ಳುತ್ತಾರೆ. ಅಂಗಡಿ ಲೆಕ್ಕಕ್ಕೆ ಮಾತು ಬಂದರೆ ಸಾಕು.

ಇನ್ನೊಂದು ಗಂಟು ಪಿಎಸ್‌ಸಿ, ಅಂದರೆ ಸರಕಾರಿ ಹುದ್ದೆಗೆ ಕೇರಳ ಲೋಕಸೇವಾ ಆಯೋಗ ನಡೆಸುವ ಪರೀಕ್ಷೆ. ಗುಮಾಸ್ತ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 36, ಹಿಂದುಳಿದ ವರ್ಗದವರಿಗೆ 39 ವರ್ಷದ ಮಿತಿ. ಹಾಗಾಗಿ ಬಿಡಿ ಎಂದು ಹೇಳುವಂತಿಲ್ಲ. ಆದರೆ ಅದನ್ನೇ ನಂಬಿ ಕೂರುವಂತೆಯೂ ಇಲ್ಲ. ಸಂಜೆ ಎರಡು ಗಂಟೆ ಅದಕ್ಕೆ, ಹಗಲು ಬೇರೆ ಹುಡುಕಾಟಕ್ಕೆ ಎಂದು ಗೆರೆ ಹಾಕಿಕೊಟ್ಟದ್ದಾಯಿತು. ಅರ್ಜಿ ಹಾಕಿದ ಮೇಲೆ ಪಿಎಸ್‌ಸಿ ಜಾಲತಾಣದ ತಮ್ಮ ಪ್ರೊಫೈಲಿನಲ್ಲಿ ‘ಕನ್ಫರ್ಮೇಶನ್’ (ಪರೀಕ್ಷೆ ಬರೆಯುತ್ತೇನೆಂಬ ಖಾತ್ರಿ) ಕೊಡದೆ ಪರೀಕ್ಷೆ ಕಳಕೊಳ್ಳುವವರಿದ್ದಾರೆ, ಅದನ್ನೂ ನೆನಪಿಸಲಾಯಿತು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ತಿಂಗಳು ದಾಟಿದರೆ ಇನ್ನೆರಡು ತಿಂಗಳ ವಿನಾಯಿತಿ ಅಷ್ಟೆ. ಇವರದ್ದು ತಪ್ಪಿ ನೋಂದಣಿಯ ಹಿರಿತನ ಹೋಗಿತ್ತು. ಸರಕಾರ ಆಗಾಗ ವಿಶೇಷ ನವೀಕರಣಕ್ಕೆ ಅವಕಾಶ ಕೊಡುತ್ತದೆ. ಅದಕ್ಕೆ ಕಾಯುತ್ತಾ ಹಳೆ ಕಾರ್ಡನ್ನು ಜೋಪಾನವಾಗಿಡಲು ಹೇಳಲಾಯಿತು.

ಹಗಲಿನ ಹುಡುಕಾಟಕ್ಕೆ ಮಾದರಿ, ಅಮೆರಿಕದಲ್ಲಿ 1970ರ ದಶಕದಲ್ಲಿ ನೇಥನ್ ಅಜ್ರಿನ್ ರೂಪಿಸಿದ ‘ಜಾಬ್ ಕ್ಲಬ್’: ಕೆಲಸ ಹುಡುಕುವುದೇ ಕೆಲಸ, ದಿನವೂ ಒಂದೇ ಹೊತ್ತಿಗೆ, ಗುಂಪಿನಲ್ಲಿ ಕೂತು. (ನಮ್ಮ ಎಕ್ಸ್‌ಚೇಂಜಿನ ‘ಜಾಬ್ ಕ್ಲಬ್’ ಬೇರೆ, ಅದು ಸ್ವಉದ್ಯೋಗದ ಸಾಲ.) ಬೆಳಿಗ್ಗೆ ಒಂಬತ್ತೂವರೆಗೆ ಗ್ರಂಥಾಲಯ, ಇನ್ನಿಬ್ಬರು ಜೊತೆಗಾರರು, ಒಂದು ನೋಟ್‌ಬುಕ್ಕು. ದಿನಕ್ಕೆ ಐದು ಸಂಪರ್ಕ, ಅದರಲ್ಲಿ ಮೂರು ಫೋನು ಅಥವಾ ಖುದ್ದು ಭೇಟಿ. ಯಾರು, ಯಾವ ದಿನ, ಏನೆಂದರು, ಮತ್ತೆ ಯಾವಾಗ ಎಂದು ನಾಲ್ಕು ಅಂಕಣ. ಮೊದಲ ವಾರ ಅವರು ತುಂಬಿದ್ದು ಏಳೇ ಸಾಲು, ಅದೂ ಪರಿಚಯವಿಲ್ಲದ ಕಂಪನಿಗಳು. ಹಾಗಾಗಿ ಎರಡನೆಯ ವಾರ ಅಡಿಕೆ ವ್ಯಾಪಾರದ ಹಳೆ ಗಿರಾಕಿಗಳ ಪಟ್ಟಿ ಮಾಡಿಸಲಾಯಿತು; 31 ಹೆಸರು ಸಿಕ್ಕವು. “ಕೆಲಸ ಕೊಡಿ” ಎಂದು ಕೇಳಬಾರದು, ಕೇಳಿದರೆ ಇಲ್ಲ ಎನ್ನುವುದು ಸುಲಭ. “ನಿಮ್ಮ ಲೆಕ್ಕ ಯಾರು ನೋಡುದು? ಅವರಿಗೆ ಜನ ಬೇಕಾ?” ಎಂದರೆ ಇನ್ನೊಂದು ಹೆಸರಾದರೂ ಸಿಗುತ್ತದೆ.

ಹೋಗುವ ದಿನವೂ ಮುಖ್ಯ. ತಿಂಗಳ ಜಿಎಸ್‌ಟಿ ರಿಟರ್ನು ಕೊಡುವವರ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11ನೇ ತಾರೀಕು, 3ಬಿಗೆ (ತೆರಿಗೆ ಕಟ್ಟುವ ಸಾರಾಂಶ) 20 ಕೊನೆ. ಆ ನಡುವೆ ಲೆಕ್ಕದ ಕಚೇರಿಗೆ ಹೋದರೆ ತಲೆಯೆತ್ತಿ ನೋಡುವವರಿಲ್ಲ. 21ರ ನಂತರ ಹೋಗಿ, ಮುಂದಿನ 8ರಿಂದ ಕೈಜೋಡಿಸಲು ಸಿದ್ಧ ಎನ್ನಬೇಕು.

14 ತಿಂಗಳು ಏನು ಮಾಡಿದಿರಿ ಎಂಬ ಪ್ರಶ್ನೆಗೆ ಅವರು ತಡವರಿಸುತ್ತಿದ್ದರು. ಉತ್ತರ ಎರಡು ವಾಕ್ಯ ಮೀರದಂತೆ ಗಟ್ಟಿಯಾಗಿ ಹೇಳಿಸಿ ರೂಢಿ ಮಾಡಿಸಲಾಯಿತು: “ಅಂಗಡಿ ಮುಚ್ಚಿತು, ಪಿಎಸ್‌ಸಿಗೆ ಓದಿದೆ. ಟ್ಯಾಲಿ ಕೈತಪ್ಪಿಲ್ಲ, ಈಗಲೇ ಕೂತು ತೋರಿಸುತ್ತೇನೆ.” ಸುಳ್ಳು ಅನುಭವ ಸೇರಿಸುವ ಆಸೆಯಿತ್ತು, ಬೇಡವೆನ್ನಲಾಯಿತು, ಮಾಲಕರೆಲ್ಲ ಪರಸ್ಪರ ಗುರುತಿನವರು.

ಒಂಬತ್ತನೆಯ ವಾರ ಉಪ್ಪಳದ ತೆರಿಗೆ ಸಲಹೆಗಾರರೊಬ್ಬರಲ್ಲಿ ಒಂದು ತಿಂಗಳ ಪರೀಕ್ಷಾರ್ಥ ಕೆಲಸ ಸಿಕ್ಕಿತು. ಹಳೆ ಸಂಬಳಕ್ಕಿಂತ ಕಡಿಮೆ. ಆದರೆ ಮಂಗಳೂರಿನ ಓಡಾಟದ ಖರ್ಚು ಕಳೆದರೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಸೇರಿದ ಮೂರನೆಯ ದಿನ ಒಮ್ಮೆ, ಹದಿನೈದನೆಯ ದಿನ ಮತ್ತೊಮ್ಮೆ ಫೋನು ಮಾಡಬೇಕೆಂದು ಮೊದಲೇ ಗೊತ್ತುಮಾಡಿತ್ತು. ಮೂರನೆಯ ದಿನದ ದೂರು ಕೆಲಸದ ಬಗ್ಗೆ ಅಲ್ಲ: ಬೆಳಗಿನ ಬಸ್ಸು ತಪ್ಪುತ್ತಿದೆ. ರಾತ್ರಿ ಹತ್ತರ ಮೇಲೆ ಫೋನು ಅಕ್ಕನ ಕೋಣೆಯಲ್ಲಿ ಚಾರ್ಜಿಗಿಡಲು ಹೇಳಲಾಯಿತು.